ಎಡಕ್ಕೆ ತಿರುಗುವ ಪ್ರೊಪೆಲ್ಲರ್

ನಮ್ಮ ಮನೆಯವರು ಮಸ್ಕತ್ತಿಗೆ ಹೋಗುವ ಮೂರು ದಿನ ಮೊದಲು ದೋಣಿಯ ಪ್ರೊಪೆಲ್ಲರ್ ಮುರಿಯಿತು. ಮುರಿದದ್ದು ನನ್ನಿಂದ. ಅವರು ಒಮ್ಮೆಯೂ ಹಾಗೆ ಅನ್ನಲಿಲ್ಲ. ಆದರೆ ನನಗೆ ಗೊತ್ತು.

ಅದು ಮೀನು ಹಿಡಿಯುವ ದೋಣಿಯಲ್ಲ. ಕಾಲಿಗೆ ಹಲಗೆ ಕಟ್ಟಿಕೊಂಡವರನ್ನು ಹಗ್ಗದಿಂದ ಎಳೆದುಕೊಂಡು ಓಡುವ ಸ್ಕೀ ದೋಣಿ. ಎಂಜಿನ್ ಒಳಗೇ ಇರುತ್ತದೆ. ಅಲ್ಲಿಂದ ಒಂದು ಉಕ್ಕಿನ ಶಾಫ್ಟ್ ದೋಣಿಯ ತಳ ದಾಟಿ ಓರೆಯಾಗಿ ಹೊರಬರುತ್ತದೆ. ಅದರ ತುದಿಯಲ್ಲಿ ಮೂರು ಅಲಗಿನ ಕಂಚಿನ ಪ್ರೊಪೆಲ್ಲರ್. ಗೋವಾದ ದಂಡೆಯಲ್ಲಿ ವರ್ಷಗಟ್ಟಲೆ ಅಂಥ ದೋಣಿ ಓಡಿಸಿದವರು ಅವರು. ಅಲ್ಲಿನ ಮಾಲೀಕರು ಹೊಸದು ತರಿಸಿದಾಗ ಹಳೆಯದನ್ನು ಇವರಿಗೇ ಕೊಟ್ಟುಬಿಟ್ಟರು. ಅದು ಲಾರಿಯ ಮೇಲೆ ರಂಗಂಪೇಟೆಗೆ ಬಂದ ದಿನ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತು ನಕ್ಕರು. ನಾನೂ ನಕ್ಕೆ. ಆಮೇಲೆ ಅದು ತಿಂಥಣಿಯಲ್ಲಿ ಅವರ ಗೆಳೆಯರಾದ ಅಂಬಿಗರ ಕಾಕಾ ಅವರ ಹಿತ್ತಲಿಗೆ ಹೋಯಿತು. ಹೊಳೆ ಅಲ್ಲಿಗೆ ಹತ್ತಿರ.

ಆ ಕೊನೆಯ ಭಾನುವಾರ ಇಬ್ಬರೇ ಹೋಗಿದ್ದೆವು. ನಡುಹೊಳೆಯ ಬಂಡೆಯ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ನಾನು, "ಇನ್ನಾ ಒಂದೀಟು ಹತ್ರ ಹೋಗ್ರಿ" ಅಂದೆ. ಹೋದರು. "ಇನ್ನೊಂದೀಟು" ಅಂದೆ. ಕೆಳಗೆ ಕಲ್ಲು ತಾಗಿ ದೋಣಿಯ ಮೈಯೆಲ್ಲ ನಡುಗಿತು. ಅವರು ತಕ್ಷಣ ಎಂಜಿನ್ ನಿಲ್ಲಿಸಿ, ಮೊದಲು ನನ್ನ ಕೈ ಹಿಡಿದು, ಪೆಟ್ಟಾಯಿತೇ ಎಂದು ಕೇಳಿದರು. ಕಾಕಾ ತೆಪ್ಪದಲ್ಲಿ ಬಂದು ನಮ್ಮನ್ನು ದಂಡೆಗೆ ಎಳೆದರು. ಮೂರು ದಿನದ ನಂತರ ಇವರು ವಿಮಾನ ಹತ್ತಿದರು. ಅಲ್ಲಿಯೂ ಅದೇ ಕೆಲಸ, ಎರಡು ವರ್ಷದ ಕರಾರು.

ನಾನು ಶಾಲೆಯಲ್ಲಿ ಕಲಿಸುತ್ತೇನೆ. ದಿನವೆಲ್ಲ ಮಕ್ಕಳ ಗದ್ದಲದಲ್ಲಿ ಕಳೆಯುತ್ತಿತ್ತು. ಸಂಜೆ ಮನೆಗೆ ಬಂದು ಚಹಾಕ್ಕೆ ನೀರಿಟ್ಟರೆ ಕೈ ತಾನಾಗಿಯೇ ಎರಡು ಲೋಟದ ನೀರು ಇಡುತ್ತಿತ್ತು. ಅವರ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಇಲ್ಲಿ ಸಂಜೆಯಾದಾಗ ಅಲ್ಲಿ ಇನ್ನೂ ಬಿಸಿಲು. ಫೋನಿನಲ್ಲಿ ಅವರ ಮಾತಿಗಿಂತ ಹಿಂದಿನ ಅಲೆಗಳ ಸದ್ದೇ ಜಾಸ್ತಿ ಕೇಳುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಹೇಳಿದೆ:

"ನಾ ಆ ದೋಣಿ ರಿಪೇರಿ ಮಾಡಿಸ್ತೀನ್ರಿ."

"ಬಿಡು, ನಾ ಬಂದು ಮಾಡ್ತೀನಿ."

"ನೀವು ಬರೂತನಕ ನಾ ಏನ್ ಮಾಡ್ಲಿ?"

"ಸುತ್ತಿಗಿ ಮಾತ್ರ ಮುಟ್ಟಬ್ಯಾಡ" ಅಂದರು.

ಹಾಗಂದದ್ದು ಒಳ್ಳೆಯದೇ ಆಯಿತು. ಮುಂದಿನ ಭಾನುವಾರ ನಾನು ತಿಂಥಣಿಗೆ ಹೋದಾಗ ಕಾಕಾ ಪ್ರೊಪೆಲ್ಲರ್ ಕೀಳಲು ಸುತ್ತಿಗೆ ಹಿಡಿದೇ ನಿಂತಿದ್ದರು. ಹೊಡೆದರೆ ಶಾಫ್ಟ್ ಬಾಗುತ್ತದೆ ಎಂದು ತಿಳಿಸಿದೆ. ಶಹಾಪುರದ ಲೇತ್ ಅಂಗಡಿಯ ಮೇಸ್ತ್ರಿಯವರು ಎರಡು ದಪ್ಪ ಪಟ್ಟಿ, ಉದ್ದ ಬೋಲ್ಟುಗಳಿಂದ ಅದನ್ನು ಎಳೆದು ಬಿಡಿಸುವ ಒಂದು ಪುಲ್ಲರ್ ಮಾಡಿ ತಂದರು. ಬೋಲ್ಟುಗಳನ್ನು ಒಂದೊಂದು ಸುತ್ತು ಬಿಗಿಸುತ್ತ ಹೋದಂತೆ ಪ್ರೊಪೆಲ್ಲರ್ ಟಪ್ ಎಂದು ಬಿಟ್ಟುಕೊಂಡಿತು. ಮೇಸ್ತ್ರಿಯವರು ಶಾಫ್ಟ್ ತಿರುಗಿಸಿ ನೋಡಿ, "ಇದಕ್ಕೇನೂ ಆಗಿಲ್ರಿ ಅಕ್ಕಾರ, ನಸೀಬು ಛಲೋ ಅದ" ಅಂದರು. ಆದರೆ ಪ್ರೊಪೆಲ್ಲರಿನ ಒಂದು ಅಲಗು ಬಾಗಿತ್ತು, ಇನ್ನೊಂದರ ತುದಿ ಇರಲಿಲ್ಲ. ಮೂರನೆಯದು ಮಾತ್ರ ನೆಟ್ಟಗಿತ್ತು.

ಹೊಸದೇ ತರಿಸೋಣ ಎಂದುಕೊಂಡೆ. ಹಳೆಯದರ ನಡುವಿನ ಗುಂಬದ ಮೇಲೆ ಕೊರೆದ ಅಂಕಿಗಳನ್ನು ಓದಿದೆ. ಮೊದಲನೆಯದು ಅಗಲ, ಎರಡನೆಯದು ಪಿಚ್. ಪಿಚ್ ಎಂದರೆ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಎಷ್ಟು ಮುಂದೆ ಸಾಗಬೇಕು ಎಂಬ ಲೆಕ್ಕ ಎಂದು ಅವರು ಫೋನಿನಲ್ಲಿ ಬಿಡಿಸಿ ಹೇಳಿದರು. ಪಿಚ್ ಕಡಿಮೆಯಾದರೆ ದೋಣಿ ಬೇಗ ಮೇಲೇಳುತ್ತದೆ, ಭಾರ ಎಳೆಯುತ್ತದೆ. ಹೆಚ್ಚಾದರೆ ನಿಧಾನಕ್ಕೆ ಎದ್ದು ಆಮೇಲೆ ಜೋರಾಗಿ ಓಡುತ್ತದೆ.

"ಯಾವುದು ಬೇಕು, ನೀ ಹೇಳು. ದೋಣಿಯಿಂದ ಏನ್ ಮಾಡಾಕಿ ನೀ?"

"ನಿಮ್ಮನ್ನ ಕರ್ಕೊಂಡು ಬರಾಕ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಹಂಗಾದ್ರ ಮೊದಲಿದ್ದ ಪಿಚ್ಚೇ ಇರ್ಲಿ" ಅಂದರು.

ಮುಂಬೈಯಿಂದ ಪೆಟ್ಟಿಗೆ ಬಂತು. ಹೊಸ ಕಂಚು ಬಂಗಾರದಂತೆ ಹೊಳೆಯುತ್ತಿತ್ತು. ಅಂಕಿಗಳೂ ಅವೇ. ಹಾಸುಗಲ್ಲಿನ ಮೇಲೆ ಹಳೆಯದರ ಪಕ್ಕದಲ್ಲಿಟ್ಟು ನೋಡುತ್ತ ಕೂತೆ. ಏನೋ ಸರಿಯಿಲ್ಲ ಅನ್ನಿಸಿತು. ಅಲಗುಗಳ ಓರೆ ಎದುರುಬದುರಾಗಿತ್ತು, ಎಡಗೈ ಬಲಗೈ ಪಕ್ಕಪಕ್ಕ ಇಟ್ಟ ಹಾಗೆ. ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ನಮ್ಮದು ಎಡಕ್ಕ ತಿರುಗೋದು. ಇದು ಬಲಕ್ಕ ತಿರುಗೋದು. ಇದನ್ನ ಹಾಕಿದ್ರ ಮುಂದಕ್ಕ ಹೋಗು ಅಂದಾಗ ದೋಣಿ ಹಿಂದಕ್ಕ ಹೋಗ್ತದ. ಅದನ್ನ ಹೇಳೋದು ನಾನೇ ಮರ್ತೆ."

ತಪ್ಪು ತನ್ನದೆಂದು ಅಷ್ಟು ಸಲೀಸಾಗಿ ಒಪ್ಪಿಕೊಂಡರು. ನನಗೆ ಬೆಳ್ಳಕ್ಕಿಗಳು ನೆನಪಾದವು. ಆಗ ಬಾಯಿಬಿಟ್ಟು ಹೇಳಿದೆ: "ಅವತ್ತು ಕಲ್ಲಿಗೆ ತಾಗ್ಸಿದ್ದು ನಾನು ರೀ." ಅವರು, "ಸುಕಾಣಿ ನನ್ನ ಕೈಯಾಗಿತ್ತು, ಹುಚ್ಚಿ" ಅಂದರು. ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಎಡಕ್ಕೆ ತಿರುಗುವುದು ಆ ಅಂಗಡಿಯಲ್ಲಿ ಇರಲಿಲ್ಲ. ಪೆಟ್ಟಿಗೆಯನ್ನು ವಾಪಸು ಕಳಿಸಿ, ಹಳೆಯದನ್ನು ಅವರ ಲುಂಗಿಯಲ್ಲಿ ಸುತ್ತಿಕೊಂಡು ಶಹಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದು ತೊಡೆಯ ಮೇಲೇ ಇತ್ತು. ಪಕ್ಕದಲ್ಲಿ ಕೂತ ಹೆಣ್ಣುಮಗಳು, "ಕೂಸು ಮಲಗ್ಯಾದೇನ್ರಿ?" ಎಂದು ಕೇಳಿದಳು. ತೆರೆದು ತೋರಿಸಿದೆ. ಕೊಂಕಲ್ ಕಡೆಯವಳಂತೆ. ಫ್ಯಾನು ಎಂದುಕೊಂಡಳು. ನಾನು ತಿದ್ದಲಿಲ್ಲ.

ಮೇಸ್ತ್ರಿಯವರಿಗೆ ಸಂಶಯವಿತ್ತು. "ಬಾಗಿದ್ದನ್ನ ನೆಟ್ಟಗ ಮಾಡ್ಬೋದ್ರಿ. ಆದ್ರ ಎಷ್ಟು ನೆಟ್ಟಗ ಅಂತ ಹೆಂಗ ಗೊತ್ತಾಗಬೇಕು?" ಅದಕ್ಕೆ ನನ್ನ ಹತ್ತಿರ ಉಪಾಯವಿತ್ತು. ಶಾಲೆಯಲ್ಲಿ ಮಕ್ಕಳಿಂದ ಮಾದರಿಗಳನ್ನು ಮಾಡಿಸುವ ಪ್ಲಾಸ್ಟರ್ ತಂದು ಕಲಸಿ, ನೆಟ್ಟಗಿದ್ದ ಅಲಗಿನ ಅಚ್ಚು ತೆಗೆದೆ. ಮೇಸ್ತ್ರಿಯವರು ಬಾಗಿದ ಅಲಗನ್ನು ಕಾಯಿಸಿ ಮರದ ಕೊಡತಿಯಿಂದ ಮೆಲ್ಲಗೆ ಬಡಿಯುವುದು, ಆರಿದ ಮೇಲೆ ನಾನು ಅಚ್ಚಿನಲ್ಲಿ ಕೂರಿಸಿ ನೋಡುವುದು. ಸಂದಿ ಕಂಡರೆ ಮತ್ತೆ ಕಾಯಿಸುವುದು. ಮುರಿದ ತುದಿಗೆ ಕಂಚು ತುಂಬಿ ಅರದಿಂದ ತಿಕ್ಕಿದರು. ಕೊನೆಗೆ ತೂಕ ಸಮವಿದೆಯೇ ನೋಡಲು ಒಂದು ಸರಳಿಗೆ ಸೇರಿಸಿ ಎರಡು ಪಟ್ಟಿಗಳ ಅಂಚಿನ ಮೇಲೆ ಇಟ್ಟರು. ಭಾರದ ಅಲಗು ಪ್ರತಿ ಸಲವೂ ಕೆಳಗಿಳಿಯುತ್ತಿತ್ತು. ಅದನ್ನು ಒಂದಿಷ್ಟೊಂದಿಷ್ಟೇ ತಿಕ್ಕಿದರು. ನಾಲ್ಕನೆಯ ಶನಿವಾರ, ಹೇಗೆ ಬಿಟ್ಟರೂ ಪ್ರೊಪೆಲ್ಲರ್ ಹಾಗೆಯೇ ನಿಂತಿತು. ಮೇಸ್ತ್ರಿಯವರು ಚಹಾ ತರಿಸಿದರು.

ಅದನ್ನು ದೋಣಿಗೆ ಕೂರಿಸುವ ಕೆಲಸಕ್ಕೆ ಕಾಕಾ ಫೋನ್ ಹಿಡಿದು ನಿಂತರು. ಮಸ್ಕತ್ತಿನಿಂದ ಅವರು ಒಂದೊಂದೇ ಹೇಳಿದರು. ಶಾಫ್ಟಿನ ಕಿರಿದಾಗುತ್ತ ಹೋಗುವ ತುದಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಬಳಿದು, ಪ್ರೊಪೆಲ್ಲರ್ ಹಾಕಿ ತೆಗೆದೆ. ಒಳಗೆ ನೀಲಿ ಒಂದೇ ಬದಿಗೆ ಅಂಟಿತ್ತು. "ಪೂರ್ತಿ ಕೂತಿಲ್ಲ, ಉಜ್ಜೋ ಪೇಸ್ಟ್ ಹಚ್ಚಿ ತಿಕ್ಕು" ಅಂದರು. ತಿಕ್ಕಿ, ಒರೆಸಿ, ಮತ್ತೆ ನೀಲಿ ಬಳಿದೆ. ಮೂರನೆಯ ಸಲ ಸುತ್ತಲೂ ಅಂಟಿತು. ನಂತರ ಪ್ರೊಪೆಲ್ಲರನ್ನು ಶಾಫ್ಟಿಗೆ ಸೇರಿಸಿ ಹಿಡಿಯುವ ಉಕ್ಕಿನ ಕೀಲಿ ಇಟ್ಟು, ನಟ್ಟು ಬಿಗಿದು, ಅದು ಸಡಿಲವಾಗದಂತೆ ಅಡ್ಡಪಿನ್ನು ಹಾಕಿ ತುದಿ ಮಡಚಿದೆ.

ಹೊಳೆಗೆ ಇಳಿಸಿದ್ದು ಮರುದಿನ ಬೆಳಿಗ್ಗೆ. ಕಾಕಾ ಮುಂದೆ ಕೂತು ಕಲ್ಲಿರುವ ಜಾಗಗಳನ್ನು ಕೈ ಮಾಡಿ ತೋರಿಸಿದರು. ಸುಕಾಣಿ ನಾನೇ ಹಿಡಿದೆ. ಮುಂದಕ್ಕೆ ಹಾಕಿದೆ. ದೋಣಿ ಮುಂದಕ್ಕೇ ಹೋಯಿತು. ನಡುಹೊಳೆಯಲ್ಲಿ ಕಾಕಾ ಫೋನನ್ನು ಎಂಜಿನ್ ಹತ್ತಿರ ಹಿಡಿದರು.

"ಕೇಳಾಕತ್ತದೇನ್ರಿ?" ಅಂದೆ.

"ಕೇಳಾಕತ್ತದ. ನಿಲ್ಲಸಬ್ಯಾಡ."

ದಂಡೆಗೆ ಬಂದ ಮೇಲೆ ಫೋನಿನಲ್ಲಿ ಅವರೇ ಹೇಳಿದರು. ಕರಾರು ಇನ್ನೊಂದು ವರ್ಷ ಮುಂದುವರಿದಿದೆ, ವಾರದಿಂದ ಹೇಳಲು ಬಾಯಿ ಬಂದಿರಲಿಲ್ಲ. ನಾನು ನೀರಿನಲ್ಲಿ ಕಾಲಿಟ್ಟುಕೊಂಡು ಕೇಳಿಸಿಕೊಂಡೆ. ಸಿಟ್ಟು ಬರಲಿಲ್ಲ. ಸೀರೆಯ ನೆರಿಗೆ ಒದ್ದೆಯಾಗುತ್ತಿತ್ತು. ಎತ್ತಿ ಹಿಡಿಯಬೇಕು ಎಂದು ಹೊಳೆಯಲಿಲ್ಲ.

"ಅಲ್ಲಿ ಈಗ ಎಷ್ಟು ಹೊತ್ತಾಗ್ಯಾದ?" ಎಂದು ಕೇಳಿದೆ, ಗೊತ್ತಿದ್ದೂ.

"ಏಳೂವರಿ. ನಾನೂ ನೀರಿಗೆ ಇಳಿಬೇಕು ಈಗ."

"ಇಳೀರಿ," ಅಂದೆ. "ಕಲ್ಲು ನೋಡ್ಕೊಂಡು."