ನೀರು ನಿಂತಿದೆಯೆಂದುಕೊಂಡ ಆಳ

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುವವರಲ್ಲಿ ಬಿಡದಿಯ ಫ್ಯಾಕ್ಟರಿಗಳಿಗೆ ಹೋಗುವವರೇ ಹೆಚ್ಚು. ಆ ಗುಂಪಿನಲ್ಲಿ ಸಮುದ್ರದ ಕೆಲಸಕ್ಕೆ ಹೋಗುತ್ತಿದ್ದವಳು ನಾನೊಬ್ಬಳೇ. ನಮ್ಮೂರು ಹೊಂಗನೂರಿನಿಂದ ಮೊದಲ ಬಸ್ಸು, ಆಮೇಲೆ ರೈಲು, ಬೆಂಗಳೂರಿನಲ್ಲಿ ಇಳಿದು ಮತ್ತೊಂದು ಬಸ್ಸು. ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತಿತ್ತು. ಸಮುದ್ರ ನೋಡಿದ್ದೀಯಾ ಎಂದು ರೈಲಿನಲ್ಲಿ ಕೇಳಿದವರಿಗೆಲ್ಲ ಇಲ್ಲ ಎಂದು ಹೇಳಿ ಹೇಳಿ ನಾಚಿಕೆಯೂ ಸವೆದುಹೋಗಿತ್ತು.

ಕೆಲಸವೆಂದರೆ ಇಷ್ಟೇ. ಸಮುದ್ರದ ಮೈ ತಟ್ಟೆಯ ನೀರಿನ ಹಾಗೆ ಸಮವಾಗಿಲ್ಲ. ಒಂದು ಕಡೆ ಒಂದು ಗೇಣು ಉಬ್ಬು, ಇನ್ನೊಂದು ಕಡೆ ತಗ್ಗು. ಉಪಗ್ರಹ ಅದನ್ನು ಮೇಲಿನಿಂದ ಅಳೆಯುತ್ತದೆ. ಭೂಮಿ ತಿರುಗುವುದರಿಂದ ನೀರು ಆ ಇಳಿಜಾರಿನಲ್ಲಿ ನೇರ ಇಳಿಯದೆ ಅಡ್ಡಲಾಗಿ ಹರಿಯುತ್ತದೆ. ಇಳಿಜಾರು ಸಿಕ್ಕರೆ ಮೇಲಿನ ನೀರಿನ ವೇಗ ಸಿಕ್ಕಿತು. ನಮಗೆ ಬೇಕಿದ್ದದ್ದು ಪ್ರವಾಹ ಒಟ್ಟು ಎಷ್ಟು ನೀರು ಹೊತ್ತೊಯ್ಯುತ್ತದೆ ಎಂಬುದು, ಆದರೆ ಉಪಗ್ರಹಕ್ಕೆ ಒಳಗಿನದು ಕಾಣುವುದಿಲ್ಲ. ಅದಕ್ಕೇ ಈ ಕಸುಬಿನವರಲ್ಲಿ ಒಂದು ರೂಢಿ: ಇಂಥ ಆಳದಲ್ಲಿ ನೀರು ನಿಂತೇ ಇದೆ ಎಂದುಕೊಂಡು ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕುವುದು. ಹಿಂದಿನವರು ಹಿಡಿದ ಆಳವನ್ನೇ ನನ್ನ ಮಾರ್ಗದರ್ಶಕರು ಹಿಡಿದರು, ನಾನೂ ಹಿಡಿದೆ. ಅಪ್ಪ ಹಾಕಿದ ಆಲದ ಮರ ಎಂದರೆ ಹಳ್ಳಿಯವರದ್ದೇ ಆಗಬೇಕೆಂದೇನಿಲ್ಲ.

ನನ್ನದು ಖಾಯಂ ಕೆಲಸವಲ್ಲ, ವರ್ಷ ವರ್ಷ ಮುಂದುವರಿಸುತ್ತಿದ್ದರು. ಹಡಗಿನವರು ಬಂಗಾಳ ಕೊಲ್ಲಿಯಲ್ಲಿ ಉದ್ದನೆಯ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದ ವೇಗ ಅಳೆಯುವ ಯಂತ್ರಗಳು ಮೇಲೆ ಬರಬೇಕಿತ್ತು. ಅವು ಹೇಳುವುದಕ್ಕೆ ನಮ್ಮ ಅಂದಾಜು ತಾಳೆಯಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಂಡನಿಗೆ ಬಿಡದಿಯಲ್ಲಿ ಶಿಫ್ಟು. ಅತ್ತೆ ಒಬ್ಬರೇ ರೇಷ್ಮೆ ಹುಳುಗಳನ್ನೂ ಅಡುಗೆಯನ್ನೂ ನೋಡಿಕೊಳ್ಳುತ್ತಿದ್ದರು. ಹುಳುಗಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಎಷ್ಟು ಸೊಪ್ಪು ಹಾಕಿದರೂ ಸಾಲದೆನ್ನುವ ದಿನಗಳಲ್ಲೂ ಅವರು ನನ್ನನ್ನು ನಿಲ್ಲಿಸಿಕೊಳ್ಳಲಿಲ್ಲ. ಸೊಸೆ ಸಮುದ್ರದ ಲೆಕ್ಕ ಬರೆಯುತ್ತಾಳೆಂದು ಬೀದಿಗೆಲ್ಲ ಹೇಳುತ್ತಿದ್ದರು. ಅವರ ಆ ಹೆಮ್ಮೆ ನನಗೆ ಭಾರವಾಗಿತ್ತು.

ಯಂತ್ರಗಳು ಬಂದವು. ಮೇಲಿನ ಯಂತ್ರ ನಮ್ಮ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ಮಾರ್ಗದರ್ಶಕರು ಎಲ್ಲರಿಗೂ ಕಾಫಿ ತರಿಸಿದರು. ಆಮೇಲೆ ಆಳದ ಯಂತ್ರದ ಲೆಕ್ಕ ತೆರೆದೆವು. ನೀರು ನಿಂತಿದೆ ಎಂದು ನಾವು ನಂಬಿದ್ದ ಆಳದಲ್ಲಿ ಅದು ತಿಂಗಳುಗಟ್ಟಲೆ ಎದುರು ದಿಕ್ಕಿಗೆ ಹರಿದಿತ್ತು. ಮೇಲೆ ಉತ್ತರಕ್ಕೆ ಹೋದದ್ದರಲ್ಲಿ ಬಹುಪಾಲು ಕೆಳಗೆ ದಕ್ಷಿಣಕ್ಕೆ ವಾಪಸ್ಸು. ಯಂತ್ರವೇ ಕೆಟ್ಟಿರಬಹುದೇ ಎಂದು ಮಾರ್ಗದರ್ಶಕರು ಕೇಳಿದರು. ಪರೀಕ್ಷಿಸಿದೆ, ಕೆಟ್ಟಿರಲಿಲ್ಲ. ಕಾಫಿ ಆರುತ್ತಾ ಕೂತಿತು. ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದೆವು, ಅವರು ಒಂದು ಸಾಲನ್ನೂ ಮುಚ್ಚಿಡಲಿಲ್ಲ. ನನ್ನ ಕೆಲಸ ಮುಂದುವರಿಯಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಅತ್ತೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಕುಸಿದು ಕೂತು ಹೇಳಿದೆ.

"ಮೇಲಿನ್ ನೀರು ಒಂದ್ ಕಡೀಕೆ, ಕೆಳಗಿಂದು ಇನ್ನೊಂದ್ ಕಡೀಕೆ ಓಯ್ತಾ ಐತಂತೆ ಅತ್ತೆ. ನಮ್ ಲೆಕ್ಕ ಕೆಟ್ಟೋಯ್ತು. ನಾಳಿಂದ ಕೆಲ್ಸ ಇಲ್ಲ."

ಹೇಳಿದ್ದೇ ತಡ, ಅಳು ಬಂತು. ಎಷ್ಟು ಬಂತೆಂದರೆ ಅವರು ಕುಡುಗೋಲು ಬಿಟ್ಟು ನನ್ನ ತಲೆ ಹಿಡಿದುಕೊಂಡರು.

"ಅಳ್ಬ್ಯಾಡ ಕಣ್ ಮಗ. ಈ ಕೆಲ್ಸ ಓದ್ರೆ ಓಯ್ತು, ಇನ್ನೊಂದ್ ಸಿಕ್ತದೆ. ನಿನ್ನಂಗ್ ಓದ್ದೋಳು ಇಲ್ಲಿ ಯಾರವ್ರೆ?"

ಸಿಗದೇ ಇರಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ನಾಳೆ ಕತ್ತಲಲ್ಲಿ ಏಳಬೇಕಿಲ್ಲ ಎಂಬ ನೆಮ್ಮದಿಗೆ ನಾನು ಅಳುತ್ತಿದ್ದೆ. ಅದನ್ನು ಅವರಿಗೆ ಹೇಳಲಾರದೆ, ಹೂಂ ಎಂದೆ.