ಉಣಕಲ್ ಕೆರೆಯಲ್ಲಿ ನನ್ನ ತೊಲದ ಬಟ್ಟು

ಗೆಳೆಯರೇ, ನಗಬೇಡಿ. ಇಂದು ಉಣಕಲ್ ಕೆರೆಯ ದಂಡೆಯಲ್ಲಿ ನನ್ನ ಪಕ್ಕ ಗಾಳ ಹಾಕಿ ಕೂತವರು ಯಾರು ಗೊತ್ತೇ? ಇನ್ನು ಗ್ರಾಮಿನಲ್ಲೇ ತೂಗಬೇಕೆಂದು ಹೋದ ವಾರ ನನ್ನ ಕಿರಾಣಿ ಅಂಗಡಿಯ ಹಳೆಯ ತೂಕದ ಬಟ್ಟುಗಳನ್ನೆಲ್ಲ ಜಪ್ತಿ ಮಾಡಿದ ಇನ್‌ಸ್ಪೆಕ್ಟರ್ ಸಾಹೇಬರು!

ನನ್ನ ಗಾಳದ ಕೆಂಪು ರಬ್ಬರ್ ಹುಳ ನೋಡಿ, "ನೀರು ರಾಡಿ ಐತಿ, ಕರೇ ಹುಳಾ ಹಾಕ್ರಿ. ಭಾರಾನೂ ಸಾಲಂಗಿಲ್ಲ," ಎಂದರು. ಅವರ ದಾರಕ್ಕೆ ಭಾರವಾಗಿ ತೂಗುತ್ತಿದ್ದದ್ದು ನನ್ನದೇ ಒಂದು ತೊಲದ ಬಟ್ಟು!

"ಸಾಹೇಬ್ರ, ಇದು ನಂದಲ್ಲೇನ್ರಿ?"

"ಹೌದ್ರಿ. ಸರ್ಕಾರದ ನೀರಾಗ ಮುಳುಗಿಸಿ ವಿಲೇವಾರಿ ಮಾಡಾಕತ್ತೇನಿ. ಅಂದಂಗ ಸಾವ್ಕಾರ್ರ, ಕೊರಳಾಗ ಲಿಂಗಾ ಕಟ್ಕೊಂಡವ್ರು ಇಲ್ಲಿ ಗಾಳಾ ಹಿಡದು ಕುಂತೀರಿ, ಮನ್ಯಾಗ ಗೊತ್ತೈತೇನ್ರಿ?"

ನನ್ನ ಡಬ್ಬಿಯಲ್ಲಿ ಕಪ್ಪು ಹುಳ ಎರಡೇ ಇದ್ದವು. ಎರಡನ್ನೂ ಅವರಿಗೇ ಕೊಟ್ಟು ಬಂದೆ.