ಮಿಷಿನ್ ಮಾಮಿಯ ಎರಡು ವರ್ಷ

ಕಳೆದ ವಾರ ಸೊಸೆ ಗೋಧಿ ಬೀಸಿಸಿಕೊಂಡು ಬಂದಳು. ಡಬ್ಬಿಯ ಮುಚ್ಚಳ ತೆಗೆದಾಗ ಇನ್ನೂ ಬಿಸಿಯಾಗಿದ್ದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಮದರಾಸಿನ ತಿರುವಲ್ಲಿಕೇಣಿಯ ನಮ್ಮ ಹಳೆಯ ಬೀದಿ, ಎದುರುಮನೆ, ಅಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಮಿಷಿನ್ ಮಾಮಿ...

ಅರವತ್ತರ ದಶಕದ ಮೊದಲ ವರ್ಷಗಳು. ರೈಲ್ವೆಯಲ್ಲಿದ್ದ ಗಂಡನ ಜೊತೆ ಮೈಸೂರಿನಿಂದ ಮದರಾಸಿಗೆ ಬಂದ ನನಗೆ ತಮಿಳು ಬರುತ್ತಿರಲಿಲ್ಲ. ಮಾಮಿ ಸೇಲಂ ಕಡೆಯ ಕನ್ನಡದವರು. ಮನೆಯ ಮುಂದಿನ ಕೋಣೆಯಲ್ಲೇ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಆ ಗಿರಣಿಯನ್ನೇ ನಂಬಿ ಓದಿಸುತ್ತಿದ್ದರು. ನನಗೆ ತಮಿಳು ಕಲಿಸಿದವರೂ ಅವರೇ. ಯಂತ್ರದ ಗದ್ದಲದಲ್ಲಿ ಕಲಿತದ್ದರಿಂದ ಇಂದಿಗೂ ನಾನು ತಮಿಳನ್ನು ಕೂಗಿಯೇ ಮಾತಾಡುತ್ತೇನೆ!

ಒಂದು ದಿನ ಕಾರ್ಪೊರೇಷನ್ನಿನಿಂದ ನೋಟೀಸು ಬಂತು. ನಮ್ಮ ಬೀದಿ ಇನ್ನು ಮನೆಗಳಿಗಷ್ಟೇ ಮೀಸಲು; ಗಿರಣಿ ಇಲ್ಲಿರುವಂತಿಲ್ಲ. ನಿಯಮಕ್ಕಿಂತ ಮೊದಲೇ ಇದ್ದದ್ದರಿಂದ ಎರಡು ವರ್ಷ ನಡೆಸಬಹುದು. ಆದರೆ ನಡುವೆ ಒಂದು ತಿಂಗಳು ನಿಂತುಹೋದರೂ ಮತ್ತೆ ಶುರು ಮಾಡುವಂತಿಲ್ಲ.

"ಎರಡು ವರ್ಷ ಸಾಕುಮ್ಮಾ," ಎಂದರು ಮಾಮಿ. "ಅಷ್ಟೊತ್ತಿಗೆ ನಮ್ ಹುಡುಗಿ ಟೀಚರ್ ಆಗ್ತಾಳೆ."

ನಾಲ್ಕೇ ತಿಂಗಳಿಗೆ ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡರು. ಮೂರು ತಿಂಗಳು ಏಳಬಾರದು ಎಂದರು ಡಾಕ್ಟರು. ಮಗಳು ಟ್ರೈನಿಂಗ್ ಬಿಟ್ಟುಬಿಡುತ್ತೇನೆಂದು ಹಟ ಹಿಡಿದಳು. ಮಾಮಿ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ಮಾರನೆಯ ಬೆಳಿಗ್ಗೆ ನಾನೇ ಹೋಗಿ ಸ್ವಿಚ್ ಹಾಕಿದೆ. ಮಾಮಿ ಒಳಗೆ ಮಲಗಿದ್ದಲ್ಲಿಂದಲೇ, ಬರೀ ಸದ್ದು ಕೇಳಿ, "ಕಲ್ಲು ಬಿಗಿಯಾಯ್ತು, ಸ್ವಲ್ಪ ಸಡಿಲ ಮಾಡಮ್ಮಾ!" ಎಂದು ಕೂಗುತ್ತಿದ್ದರು. ಬೀದಿಯ ಹೆಂಗಸರೆಲ್ಲ ಪಾಳಿ ಹಾಕಿಕೊಂಡೆವು. ಗದ್ದಲ ಗದ್ದಲ ಎಂದು ಸದಾ ಗೊಣಗುತ್ತಿದ್ದ ನನ್ನ ಮಾವನವರೇ, ಬೆಲ್ಟ್ ಹರಿದಾಗ ಪ್ಯಾರೀಸ್ ಕಾರ್ನರಿನ ಅಂಗಡಿಬೀದಿಗೆ ಹೋಗಿ ಹೊಸದು ತಂದರು.

ತಪಾಸಣೆಗೆ ಅಧಿಕಾರಿ ಬಂದ ದಿನ ನಾನು ಮೆಣಸಿನಕಾಯಿ ಹಾಕಿದ್ದೆ. ಅವರು ಏಳೆಂಟು ಸಲ ಸೀನಿ, "ಓನರ್ ಎಂಗೆ?" ಎಂದರು, ಮಾಲೀಕರು ಎಲ್ಲಿ ಅಂತ.

"ಒಳಗೆ ಮಲಗಿದಾರೆ. ಮಿಷಿನ್ ಓಡ್ಬೇಕು ಅಂತ ತಾನೆ ಸಾರ್ ರೂಲು? ಓಡ್ತಾ ಇದೆ!" ಎಂದು ನನ್ನ ತಮಿಳಿನಲ್ಲಿ ಕೂಗಿದೆ.

ಅವರು ಕಣ್ಣೊರೆಸಿಕೊಂಡು ನಕ್ಕರು. 'ನಡೆಯುತ್ತಿದೆ' ಎಂದು ಬರೆದುಕೊಂಡು ಹೋದರು. ಮುಂದಿನ ವಾರ ಅವರ ಮನೆಯ ಗೋಧಿಯೂ ನಮ್ಮಲ್ಲಿಗೇ ಬಂತು.

ಗಡುವು ಮುಗಿಯುವ ಹೊತ್ತಿಗೆ ಮಗಳಿಗೆ ಕೆಲಸವಾಗಿತ್ತು. ಕೊನೆಯ ದಿನ ಮಾಮಿ ಬೀದಿಗೆಲ್ಲ ಬೀಸಿಕೊಟ್ಟು, ತಮ್ಮ ಕೈಯಿಂದಲೇ ಯಂತ್ರ ನಿಲ್ಲಿಸಿದರು. "ಇನ್ಮೇಲೆ ನಾನೂ ನಿಮ್ ಹಾಗೆ ಕ್ಯೂನಲ್ಲಿ ನಿಲ್ತೀನಿ," ಎಂದು ನಕ್ಕರು. ನಿಂತರು ಕೂಡ. ಬಜಾರಿನ ಗಿರಣಿಯವನಿಗೆ, ಹಿಟ್ಟು ತರಿಯಾಯಿತೆಂದು ದಿನವೂ ಪಾಠ!

ಆಮೇಲೆ ನಮಗೆ ವರ್ಗವಾಯಿತು. ಮಾಮಿ ಹೋದ ಸುದ್ದಿ ಮಗಳ ಕಾಗದದಲ್ಲಿ ಬಂತು... ಹದಿನೈದು ದಿನ ತಡವಾಗಿ.

ಮೊನ್ನೆ ಆ ಬೀದಿಗೆ ಹೋಗಿದ್ದೆ. ಅವರ ಮನೆಯಿದ್ದಲ್ಲಿ ಈಗ ಫ್ಲಾಟುಗಳು. ಕೆಳಗಿನ ಮನೆಯ ಹೆಂಗಸು, ಯಾರು ಬೇಕೆಂದು ಕೇಳಿದಳು. "ಇಲ್ಲಿದ್ರು," ಎಂದೆ, "ಈಗಿಲ್ಲ." ಅವಳು ಒಳಗೆ ಕರೆದು ಕೂರಿಸಿ, ನೀರು ಕೊಟ್ಟಳು.